ಅಚ್ಚಿನ ಅಳತೆ

ಬಳೆ ಇಡಿಸಿಕೊಳ್ಳಲು ಕೂತ ಹೆಂಗಸು ಬಳೆಯ ಬಣ್ಣ ನೋಡುತ್ತಾಳೆ. ಬಳೆಗಾರ ಅವಳ ಕೈ ನೋಡುತ್ತಾನೆ. ಒಮ್ಮೆ ಹಿಡಿದು ಅಮುಕಿ ‘ಎರಡು ನಾಲ್ಕು’, ‘ಎರಡು ಆರು’ ಎಂದು ಹೇಳಿಬಿಡುತ್ತಾನೆ. ಎಷ್ಟೇ ಬೆಲೆಯದಾಗಲಿ, ಕೈಗೆ ಹೊಂದದ ಬಳೆ ಪೆಟ್ಟಿಗೆ ಸೇರುವುದೇ ಸರಿ. ಸೈಕಲ್ಲಿಗೂ ಇಂಥದೇ ಒಂದು ಅಳತೆ ಇದೆಯೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಒಬ್ಬ ವಿದ್ಯಾರ್ಥಿನಿಯ ನೆಪದಿಂದ.

ನಮ್ಮದು ತಿಕೋಟಾ ತಾಲೂಕಿನ ಕಳ್ಳಕವಟಗಿ. ಸುತ್ತೆಲ್ಲ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ಹೊರಗಿನವರಿಗೆ ನಮ್ಮ ಜಿಲ್ಲೆ ಗೋಳಗುಮ್ಮಟದಿಂದ ಗೊತ್ತು. ಆಟದವರಿಗೆ ಸೈಕಲ್ ಓಟದಿಂದಲೂ ಗೊತ್ತು. ವಿಜಯಪುರದ ಸರಕಾರಿ ಕ್ರೀಡಾನಿಲಯದಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ರಾಜ್ಯಕ್ಕೆ ಎಷ್ಟೋ ಪದಕ ತಂದುಕೊಟ್ಟಿದ್ದಾರೆ. ಆ ನಿಲಯ ಸೇರಬೇಕೆಂಬುದು ನಮ್ಮ ಎಂಟನೇತ್ತೆಯ ಈ ಹುಡುಗಿಯ ಹಟ. ಅವಳ ಸೋದರಮಾವ, ಓಟ ಬಿಟ್ಟ ಹುಡುಗನೊಬ್ಬನಿಂದ ಹಳೆಯ ರೇಸ್ ಸೈಕಲ್ ಕೊಂಡು ತಂದುಕೊಟ್ಟಿದ್ದ.

ಆಯ್ಕೆಗೆ ಮೂರು ವಾರ ಇರುವಾಗ ಸೈಕಲ್ ಸಪ್ಪಳ ಮಾಡತೊಡಗಿತು. ಪ್ರತಿ ತುಳಿತಕ್ಕೂ ‘ಕಟಕ್’. ಪೆಡಲಿನ ಕೋಲು ಹಿಡಿದು ಅಲುಗಿಸಿದರೆ ಆಚೀಚೆ ಆಡುತ್ತಿತ್ತು. ಅಪ್ಪ ಶಾಲೆಗೇ ಬಂದ. “ಅಕ್ಕೋರ, ಆ ಸೈಕಲ್ ಮಾರಿಬಿಡ್ತೀನ್ರಿ. ಹುಡುಗಿ ದೊಡ್ಡಾಕಿ ಆದ್ಲು. ಇನ್ನೆಷ್ಟ್ ದಿನ ರಸ್ತಾದಾಗ ಅಡ್ಡಾಡ್ಸೂದು?” ಎಂದ. ಸಪ್ಪಳ ಸೈಕಲ್ಲಿನದು, ತೀರ್ಮಾನ ಹುಡುಗಿಯದು!

ಇದು ನನಗೆ ಹೊಸದಲ್ಲ. 2006-07ರಿಂದ ಸರಕಾರ ಎಂಟನೇತ್ತೆಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಕೊರೋನಾ ಬಂದಾಗ ಅದು ನಿಂತಿತು. ಆ ಸೈಕಲ್ಲುಗಳ ಮೇಲೆ ಎಷ್ಟು ಹುಡುಗಿಯರು ಹೈಸ್ಕೂಲು ಮುಗಿಸಿದರೋ! ಆದರೆ ಒಂದು ಗುಂಡು ಸವೆದು, ಒಂದು ಪಿನ್ನು ಮುರಿದು ಮೂಲೆ ಸೇರಿದವನ್ನೂ ಕಂಡಿದ್ದೇನೆ. ಗಂಡುಹುಡುಗನ ಸೈಕಲ್ ಕೆಟ್ಟರೆ ರಿಪೇರಿಗೆ ಹೋಗುತ್ತದೆ. ಹೆಣ್ಣುಹುಡುಗಿಯದು ಕೆಟ್ಟರೆ ಸವಾರಿಯೇ ನಿಲ್ಲುತ್ತದೆ.

“ಮಾರೂದು ಇದ್ದೇ ಐತಿ, ಮೊದಲ ಬಿಚ್ಚಿಸಿ ನೋಡೂಣು” ಎಂದೆ. ಭಾನುವಾರ ದ್ರಾಕ್ಷಿ ಸಾಗಿಸುವ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಮೂವರೂ ವಿಜಯಪುರಕ್ಕೆ ಹೋದೆವು.

ಮೊದಲ ಅಂಗಡಿಯವ ಸೈಕಲ್ ಮುಟ್ಟದೆಯೇ ಒಂದು ಡಬ್ಬಿ ಮುಂದಿಟ್ಟು, “ಎಲ್ಲಾ ಒಂದರೀ, ಕೂಡತೈತಿ” ಎಂದ. ಎರಡನೆಯ ಕಡೆ ವಯಸ್ಸಾದ ಮಿಸ್ತ್ರಿ. ಅವರು ಮಾತಾಡದೆ ಪೆಡಲಿನ ಕೋಲು ಕಳಚಿ, ಹಲ್ಲುಹಲ್ಲಿನ ಪಾನಾ ಹಾಕಿ, ಫ್ರೇಮಿನ ಹೊಟ್ಟೆಯಿಂದ ಒಂದು ಗಿಡ್ಡ ಕೊಳವೆ ಹೊರತೆಗೆದರು. ಅದೇ ಬಾಟಮ್ ಬ್ರ್ಯಾಕೆಟ್ಟು, ಅಂಗಡಿಯವರ ಬಾಯಲ್ಲಿ ‘ಬೀಬೀ’. ಬೀಸುವ ಕಲ್ಲಿಗೆ ನಡುವಿನ ಕೀಲು ಇದ್ದಂತೆ ಸೈಕಲ್ಲಿಗೆ ಇದು. ಕಾಲಿನ ಬಲವೆಲ್ಲ ಈ ಅಚ್ಚಿನ ಮೂಲಕವೇ ಚೈನಿಗೆ ಹೋಗಬೇಕು.

ಮೈಮೇಲಿನ ಜಿಡ್ಡು ಒರೆಸಿದಾಗ 68-110 ಎಂಬ ಅಂಕಿ ಕಂಡಿತು. ಫ್ರೇಮಿನ ತಳದ ಕೊಳವೆಯ ಅಗಲ 68 ಮಿಲಿಮೀಟರ್, ಅಚ್ಚಿನ ಉದ್ದ 110. ಮೊದಲ ಅಂಗಡಿಯ ಡಬ್ಬಿಯದು 122.5. “ಕೂಡೂದು ಖರೇ. ಆದ್ರ ಹಲ್ಲಿನ ಚಕ್ರ ಆರು ಮಿಲಿಮೀಟರ್ ಹೊರಗ ನಿಲ್ತೈತಿ, ಚೈನು ಸೊಟ್ಟ ಓಡ್ತೈತಿ. ಗಿಡ್ಡಂದು ಹಾಕಿದ್ರ ಚಕ್ರ ಫ್ರೇಮಿಗೆ ತಿಕ್ಕತೈತಿ” ಎಂದರು ಮಿಸ್ತ್ರಿ. ಹುಡುಗಿ ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಅಂಗಡಿಯಲ್ಲಿ ಮೂರು ತರಹ ಇದ್ದವು. ಅಗ್ಗದ್ದು ಬಿಡಿ ಗುಂಡುಗಳದು. ನಮ್ಮ ಧೂಳಿನ ಹಾದಿಗೆ ಆಗಾಗ ಬಿಚ್ಚಿ ತೊಳೆದು ಗ್ರೀಸು ಹಾಕಬೇಕು. ಎಲ್ಲಕ್ಕೂ ದುಬಾರಿಯದು ಥಳಥಳ ಹೊಳೆಯುತ್ತಿತ್ತು. ಅದರ ಬೇರಿಂಗು ಫ್ರೇಮಿನ ಹೊರಗಡೆ ಕೂಡುತ್ತದೆ, ಅಚ್ಚು 24 ಮಿಲಿಮೀಟರ್ ದಪ್ಪ. ಅಪ್ಪನ ಕಣ್ಣು ಅದರ ಮೇಲೇ ಬಿತ್ತು. ಕೊಡಿಸುವುದಾದರೆ ಛಲೋದೇ ಕೊಡಿಸೋಣವೆಂಬ ಸ್ವಾಭಿಮಾನ. ಆದರೆ ಅದಕ್ಕೆ ಪೆಡಲಿನ ಕೋಲು, ಹಲ್ಲಿನ ಚಕ್ರ ಎಲ್ಲವೂ ಹೊಸದಾಗಬೇಕು. ಮೂರನೆಯದು ಚೌಕ ತುದಿಯ ಅಚ್ಚು, ಬೇರಿಂಗು ಒಳಗೇ ಮುಚ್ಚಿದ್ದು, ಹಳೆಯದರ ತದ್ರೂಪ. “ಇದರಾಗ 110 ಐತೇನ್ರೀ ಕಾಕಾ?” ಎಂದು ಹುಡುಗಿಯೇ ಕೇಳಿದಳು. ಇತ್ತು. ಅಪ್ಪನ ಮೂರು ದಿನದ ಕೂಲಿಯೊಳಗೆ ಬಂತು. ನಾನು ಪರ್ಸು ತೆಗೆಯುವಷ್ಟರಲ್ಲಿ ಅವನೇ ಎಣಿಸಿ ಕೊಟ್ಟ.

ಕೂಡಿಸುವಾಗ ಇನ್ನೊಂದು ಸೋಜಿಗ. ಎಡಗಡೆಯ ಮರೆ ಎಲ್ಲದರಂತೆ ಬಲಕ್ಕೆ ಬಿಗಿಯುತ್ತದೆ. ಚೈನಿರುವ ಬಲಗಡೆಯದು ಎಡಕ್ಕೆ ತಿರುವಿದರೆ ಬಿಗಿ. ಟೇಬಲ್ ಫ್ಯಾನಿನ ಎಲೆ ಬಿಚ್ಚುವಾಗ ಉಲ್ಟಾ ತಿರುವುತ್ತೇವಲ್ಲ, ಹಾಗೆ. ತುಳಿಯುತ್ತ ತುಳಿಯುತ್ತ ಅದು ತಾನಾಗಿ ಸಡಿಲಾಗಬಾರದೆಂದು ಈ ಏರ್ಪಾಡು. ಗೊತ್ತಿಲ್ಲದವರು ಬಲಾತ್ಕಾರ ಮಾಡಿದರೆ ಫ್ರೇಮಿನ ಮರೆಯೇ ಹಾಳು. ಇಟಲಿಯ ಪದ್ಧತಿಯಲ್ಲಿ ಕೊಳವೆ 70 ಮಿಲಿಮೀಟರ್, ಎರಡೂ ಕಡೆ ಒಂದೇ ತಿರುವು. ನಮ್ಮದು ಇಂಗ್ಲಿಷ್ ಪದ್ಧತಿ. ಇದಕ್ಕೆ ಬಿ.ಎಸ್.ಎ. ಮರೆ ಎನ್ನುತ್ತಾರೆ. ನಮ್ಮ ಹುಡುಗಿಯರ ಲೇಡಿಬರ್ಡ್ ಸೈಕಲ್ಲಿನ ಮೇಲಿದ್ದ ಅದೇ ಮೂರಕ್ಷರ. 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬಂದೂಕಿನ ಕಂಪನಿಯದು ಆ ಹೆಸರು. ಬಂದೂಕು ಮಾಡಿದವರ ಅಳತೆ ಹುಡುಗಿಯರ ಸೈಕಲ್ಲಿಗೆ ಬಂದು ಕೂತದ್ದು ನನಗೇಕೋ ಹಿತವೆನಿಸಿತು.

ಮಿಸ್ತ್ರಿ ಮರೆಗೆ ಗ್ರೀಸು ಸವರಿ, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುವಿ, ಆಮೇಲೆ ಪಾನಾ ಹುಡುಗಿಯ ಕೈಗೆ ಕೊಟ್ಟರು. “ನಿನ್ನ ಗಾಡಿ, ನೀನ ಬಿಗಿ ತಂಗಿ.” ಅವಳು ಮೈಭಾರ ಹಾಕಿ ಬಿಗಿದಳು. ಅಪ್ಪ ಫ್ರೇಮು ಹಿಡಿದುಕೊಂಡು ನಿಂತಿದ್ದ.

ಆಯ್ಕೆ ಏನಾಯಿತು ಎನ್ನುವಿರಾ? ಈ ಸಲ ಅವಳ ಹೆಸರು ಬರಲಿಲ್ಲ. ಮರುದಿನ ಅತ್ತಳು, ಮೂರನೆಯ ದಿನ ಬೆಳಗಿನ ಐದೂವರೆಗೆ ತಿಕೋಟಾ ರಸ್ತೆಯಲ್ಲಿದ್ದಳು. ಮೊನ್ನೆ ಅವಳ ಅಪ್ಪ ಸಿಕ್ಕಾಗ ಸೈಕಲ್ ಮಾರುವ ಮಾತೆತ್ತಲಿಲ್ಲ. “ಟಾಯರ್ ಸವದಾವ್ರಿ ಅಕ್ಕೋರ, ಅದಕ್ಕೂ ಏನರೆ ಅಳತಿ ಇರತೈತೇನ್ರಿ?” ಎಂದು ಕೇಳಿದ.