ಪಾದ್ರಿಯ ಮಗ ಮತ್ತು ನಮ್ಮನೆ ನೆಲುವು

ನಮ್ಮಜ್ಜ ಬೈಬಲ್ ಸುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಪ್ಪ ಬೈಬಲ್ ಏನಲ್ಲ, ಅಂಗೈಯಗಲದ ಹೊಸ ಒಡಂಬಡಿಕೆ. ಸಂತೆಯಲ್ಲಿ ಯಾರೋ ಪುಕ್ಕಟೆ ಹಂಚುತ್ತಿದ್ದರು. ಆಗ ನಾನು ಆರನೇ ಕ್ಲಾಸು. ಕಾಗದ ನುಣ್ಣಗಿದೆ ಅಂತ ತಂದಿದ್ದೆ, ಅಷ್ಟೇ. ಅಜ್ಜ ಒಂದು ಮಾತೂ ಆಡದೆ ಅದನ್ನು ಬಚ್ಚಲೊಲೆಗೆ ಹಾಕಿ, ಕೈ ತೊಳೆದುಕೊಂಡು ಬಂದು, "ಇಂಥದ್ದನ್ನ ಮತ್ತೆ ಮನೆಯೊಳಗೆ ತರಬೇಡ" ಅಂದರು.

ತಮಾಷೆ ಏನು ಗೊತ್ತಾ? ಆ ಬಚ್ಚಲಿನ ಮಾಡಿಗೆ ಹೊದಿಸಿದ್ದು ಹಳೇ ಮಂಗಳೂರು ಹಂಚು. ಮಳೆಗಾಲಕ್ಕೆ ಮುಂಚೆ ಹಂಚು ಇಳಿಸಿ ಹಾಕುವಾಗ ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಬಾಸೆಲ್ ಮಿಶನ್. ಇನ್ನೂ ತಮಾಷೆ ಅಂದರೆ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಪದದ ಬಗ್ಗೆ ಯಾರಾದರೂ ತಕರಾರು ತೆಗೆದರೆ ಅವರ ಕೊನೇ ಅಸ್ತ್ರ ಒಂದೇ: "ಕಿಟ್ಟೆಲ್ ನೋಡಿ ಬಾ, ಆಮೇಲೆ ಮಾತಾಡು." ಆ ಕಿಟ್ಟೆಲ್ಲೂ ಬಾಸೆಲ್ ಮಿಶನ್ನಿನ ಪಾದ್ರಿಯೇ ಅಂತ ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ಕೇಳೋ ಧೈರ್ಯ ನನಗಿರಲಿಲ್ಲ.

ನಾನೀಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಆರು ವರ್ಷ ಆಯ್ತು. ಹೋದ ತಿಂಗಳು ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಮಗಳು ಒಂದು ಹಗ್ಗದ ಬಲೆ ಹಿಡಿದುಕೊಂಡು "ಅಪ್ಪಾ, ಇದೇನು?" ಅಂದಳು. ಹೂಕುಂಡ ನೇತುಹಾಕೋದು. ನನ್ನಜ್ಜಿ ಅಡುಗೆಮನೆಯಲ್ಲಿ ಬೆಕ್ಕಿಗೆ ಸಿಗದ ಹಾಗೆ ಮೊಸರಿನ ಗಡಿಗೆ ಇಡುತ್ತಿದ್ದದ್ದು ಇಂಥದ್ದರಲ್ಲೇ. ಅದರ ಹೆಸರು ನಾಲಿಗೆ ತುದಿಯಲ್ಲಿದೆ, ಬರ್ತಾ ಇಲ್ಲ. ಬರಲೇ ಇಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ನೆಲುವು ಕಣೋ! ಅದೂ ಮರೆತೋಯ್ತಾ?" ಅಂತ ನಕ್ಕರು. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಇಲ್ಲೇ ಉಳಿಯೋಕೆ ಕಾಯಂ ಪರವಾನಗಿಗೆ ಅರ್ಜಿ ಹಾಕ್ತಿದ್ದೀನಿ ಅಂತ ಅದಕ್ಕೆ ಮುಂಚಿನ ವಾರವಷ್ಟೇ ಹೇಳಿದ್ದೆ.

ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ತೆಗೆದೆ. ನೆಲುವು ಇತ್ತು, ನೆಲವು, ನೆಲಹು ಅಂತ ಅಕ್ಕಪಕ್ಕದ ನೆಂಟರ ಜೊತೆ. ಬಲೆಯ ವಿವರಣೆ ಇಂಗ್ಲಿಷಿನಲ್ಲಿ ನೀಟಾಗಿ ಕೂತಿತ್ತು. ಒಬ್ಬ ಜರ್ಮನ್ ಪಾದ್ರಿ ಯಾರದೋ ಅಡುಗೆಮನೆಯ ಮಾಡು ನೋಡಿ, ಇದಕ್ಕೇನಂತಾರೆ ಅಂತ ಕೇಳಿರಬೇಕಲ್ವಾ? ಆವತ್ತಿಂದ ಆ ಮನುಷ್ಯ ನನ್ನ ತಲೆಯಲ್ಲಿ ಹೊಕ್ಕಿಬಿಟ್ಟಿದ್ದಾರೆ.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಕಡಲಂಚಿನ ಚಪ್ಪಟೆ ನೆಲ. ಅಪ್ಪನೂ ಪಾದ್ರಿ. ಆ ಸೀಮೆಯ ಜನ ಮನೆಯಲ್ಲಿ ಆಡುತ್ತಿದ್ದದ್ದು ಪ್ಲಾಟ್‌ಡಾಯ್ಚ್, ಪುಸ್ತಕದ ಜರ್ಮನ್ ಅಲ್ಲ. ಹಳ್ಳಿ ಮಾತು, ಶಾಲೆ ಮಾತು ಬೇರೆ ಬೇರೆ ಅನ್ನೋದು ನಮಗೇನು ಹೊಸದಲ್ಲ ಬಿಡಿ. ಹದಿನೆಂಟರ ಹೊತ್ತಿಗೆ ಬಾಸೆಲ್‌ನ ಮಿಶನರಿ ತರಬೇತಿ, 1853ರಲ್ಲಿ ಹಡಗು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ನನಗೆ ಬಿ.ಇ. ಮುಗಿದು ಕ್ಯಾಂಪಸ್ ಆಫರ್ ಬಂದ ವಯಸ್ಸಿಗೆ ಅವರು ಧಾರವಾಡದಲ್ಲಿದ್ದರು.

ಕನ್ನಡಿಗರ ನಡುವೆ ಕನ್ನಡಿಗನೇ ಆಗಬೇಕು ಅನ್ನೋದು ಅವರ ಹಟ. ಯೆಹೂದ್ಯರಿಗೆ ಯೆಹೂದ್ಯನಾದೆ ಎಂದ ಸಂತ ಪೌಲನ ದಾರಿ ಅದು; ಅಂದರೆ ಹಟವೂ ಬೈಬಲಿನಿಂದಲೇ ಬಂದದ್ದು. ಜೊತೆಯ ಮಿಶನರಿಗಳ ಜೊತೆ ಇದರಿಂದ ತಿಕ್ಕಾಟ ಆಯ್ತು. ಮದುವೆಯಾಗಿ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಹೆಂಡತಿ ತೀರಿಕೊಂಡರು. ಆಮೇಲೆ ಆಕೆಯ ಸೋದರಿಯನ್ನೇ ಮದುವೆಯಾದರು. ಅಷ್ಟರಲ್ಲಾಗಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸುಗಳಲ್ಲಿ ಹೇಳಿದ 'ಕಥಾಮಾಲೆ' ಬಂದಾಗಿತ್ತು. ಮುಂದೆ ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನ ಮಿಶನ್ ಪ್ರೆಸ್ಸಿನಿಂದ ಆ ಮಹಾ ನಿಘಂಟು: 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಈ ಪದ ಮೈಸೂರು ಸೀಮೆಯದು, ಇದು ಮುಂಬೈ ಪ್ರಾಂತದ ಕಡೆಯದು ಅಂತ ಗುರುತು ಬೇರೆ; ನಡುನಡುವೆ ಗಾದೆಗಳು. ಗಾದೆಗಳೆಲ್ಲ ತಾಳೆಗರಿಯಲ್ಲಿ ಸಿಗಲ್ಲ, ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಇದೆ. ಅದರ ಮುಂದೆ ನಿಂತಾಗ ನಾವು ಪಾದ್ರಿಯನ್ನು ಮರೆತು ಬರೀ ಕನ್ನಡಪ್ರೇಮಿಯನ್ನು ನೋಡ್ತೀವಿ, ಅದು ನಮಗೆ ಆರಾಮ. ಆದರೆ ಅವರು ಬಂದದ್ದು ಮತ ಸಾರೋದಕ್ಕೇ. ಲಿಂಗಪೂಜೆಯ ಮೂಲದ ಬಗ್ಗೆ ಪುಸ್ತಕ ಬರೆದದ್ದೂ ಅದೇ ಮನುಷ್ಯ. ನನ್ನಜ್ಜನ ಸಿಟ್ಟಿಗೆ ಕಾರಣ ಇರಲಿಲ್ಲ ಅಂತ ನಾನು ಹೇಳಲಾರೆ. ಹಾಗಂತ ಆ ನಂಬಿಕೆಯನ್ನು ಕಿತ್ತು ಪಕ್ಕಕ್ಕಿಟ್ಟರೆ ನಿಘಂಟು ಮಾತ್ರ ಉಳಿಯುತ್ತಾ? ಉಪದೇಶ ಮಾಡೋಕೆ ಬಂದವರು ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ದಶಕಗಳನ್ನೇ ಕಳೆದರು. ಅವರ ಮಟ್ಟಿಗೆ ಅದೂ ದೇವರ ಸೇವೆಯೇ ಆಗಿತ್ತು ಅಂತ ನನಗನ್ಸತ್ತೆ.

ಅವರು ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗೆನ್‌ನಲ್ಲಿ. ನಮ್ಮನೆಯಿಂದ ರೈಲಿನಲ್ಲಿ ಗಂಟೆ ದಾರಿ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ನೆಕ್ಕಾರ್ ಹೊಳೆಯ ದಂಡೆಯಲ್ಲಿ ಐಸ್‌ಕ್ರೀಮ್ ತಿಂದು ವಾಪಸ್ ಬಂದ್ವಿ. ಅಲ್ಲಿನ ವಿಶ್ವವಿದ್ಯಾಲಯ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತ್ತು ಅಂತ ಹೇಳಿದರೆ ಅವಳಿಗೇನು ಅರ್ಥ ಆಗತ್ತೆ! "ನಮ್ಮಜ್ಜಿ ಮನೆ ನೆಲುವು ಗೊತ್ತಿದ್ದ ಅಜ್ಜ ಒಬ್ಬರು ಈ ಊರಲ್ಲಿದ್ದರು" ಅಂದೆ.

ರೈಲಿನಲ್ಲಿ ಲೆಕ್ಕ ಹಾಕಿದೆ. ಆರು ವರ್ಷದಲ್ಲಿ ನಾನು ಕಲಿತ ಜರ್ಮನ್ ಗಾದೆ ಎಷ್ಟು? ಸೊನ್ನೆ. ಆಫೀಸು ಇಂಗ್ಲಿಷಲ್ಲಿ ನಡೆಯತ್ತೆ, ಬೇಕರಿಗೆ ನಾಲ್ಕು ವಾಕ್ಯ ಸಾಕು, ಪರವಾನಗಿಗೆ ಪರೀಕ್ಷೆ ಪಾಸಾದರೆ ಆಯ್ತು. ಊರಿನ ಪದ ಬಿಟ್ಟು ಬಂದೆ, ಈ ಊರಿನದನ್ನು ಹಿಡಿಯಲಿಲ್ಲ.

ಸಂತೆಯಲ್ಲಿ ಮಗಳು ಹಟ ಮಾಡಿ ಕೊಂಡ ಆ ನೆಲುವು ಈಗ ನಮ್ಮ ಬಾಲ್ಕನಿಯಲ್ಲಿ ನೇತಾಡುತ್ತಿದೆ. ಅದರಲ್ಲಿ ಅವಳ ಕರಡಿ ಗೊಂಬೆ ಕೂತಿದೆ. ನಿನ್ನೆ ಕೆಳಗಿನ ಮನೆಯ ಮುದುಕಿ ಅದನ್ನು ನೋಡಿ ನಗುತ್ತಿದ್ದರು. ನಿಮ್ಮ ಕಡೆ ಇದಕ್ಕೇನಂತೀರಿ ಅಂತ ಕೇಳಿದೆ. ಆಕೆ ಏನೋ ಹೇಳಿದರು, ಪಕ್ಕಾ ಈ ಸೀಮೆಯ ಆಡುಮಾತಿನಲ್ಲಿ. ತಿಳಿಯಲಿಲ್ಲ. ಮೊಬೈಲ್ ತೆಗೆದು, ಬರ್ಕೋತೀನಿ, ಇನ್ನೊಂದ್ಸಲ ಹೇಳಿ ಅಂದೆ.