ಆಟಕ್ಕೆಷ್ಟು ಜಾಗ, ಅಜ್ಜನಿಗೆಷ್ಟು ಜಾಗ

ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ. ಆಮೇಲೆ ಪ್ರೊಸೆಸರ್, ರ್‍ಯಾಮ್, ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ಟು. ಸ್ಟೋರೇಜ್ ಮಾತ್ರ ಮದುವೆ ಮನೆಯ ಉಗ್ರಾಣದ ಹಾಗೆ. ಎರಡನೇ ಪಂಕ್ತಿಗೆ ಅಕ್ಕಿ ಸಾಲದು ಅಂದಾಗಲೇ ಅದರ ನೆನಪಾಗುವುದು. ಆದರೆ ನಮ್ಮ ಮನೆಯಲ್ಲಿ ನಾನೂ ನನ್ನ ತಮ್ಮನೂ ನಾಲ್ಕು ದಿನ ಮಾತು ಬಿಟ್ಟದ್ದು ಈ ಉಗ್ರಾಣದ ವಿಷಯಕ್ಕೇ. 1 ಟಿಬಿ ಸಾಕೋ, 2 ಟಿಬಿ ಬೇಕೋ?

ದುಡ್ಡು ಇಬ್ಬರದೂ. ಅವನದು ಇಂಜಿನಿಯರಿಂಗ್ ಕೊನೆಯ ವರ್ಷ, ಟ್ಯೂಷನ್ ಹೇಳಿ ಕೂಡಿಟ್ಟ ಹಣ. ನಾನು ಜಾನಪದದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ಪಾಲು ಫೆಲೋಶಿಪ್ಪಿನದು. ಅದು ಯಾವ ತಿಂಗಳು ಬರುತ್ತದೆಂದು ಬಲ್ಲವರು ಯಾರೂ ಇಲ್ಲ. ಆಟದ ಹುಚ್ಚು ಮಾತ್ರ ಇಬ್ಬರಿಗೂ ಸಮ. ಸಂಶೋಧಕಿ ಅಂದರೆ ಸದಾ ಅಡಿಟಿಪ್ಪಣಿಯಲ್ಲಿ ಮುಳುಗಿರುವವಳು ಎಂದು ನಂಬಿರುವ ನಮ್ಮ ಅತ್ತೆಗೆ ನಾನು ಅರ್ಧರಾತ್ರಿ ಕುದುರೆ ಹತ್ತಿ ‘ರೆಡ್ ಡೆಡ್ ರಿಡೆಂಪ್ಷನ್ 2’ರ ಹಿಮದ ಗುಡ್ಡಗಳಲ್ಲಿ ಅಲೆಯುವುದು ಇನ್ನೂ ಗೊತ್ತಿಲ್ಲ.

ಆ ಕುದುರೆಗೆ 150 ಜಿಬಿ ಜಾಗ ಬೇಕು. ‘ಬಾಲ್ಡರ್ಸ್ ಗೇಟ್ 3’ ಕೂಡ ಅಷ್ಟೇ ಕೇಳುತ್ತದೆ. ‘ಸೈಬರ್‌ಪಂಕ್ 2077’ ಪಾಪ, 70ಕ್ಕೆ ತೃಪ್ತಿಪಡುತ್ತದೆ. 2005ರಲ್ಲಿ ಕಂಪ್ಯೂಟರಿಗೆ ಬಂದ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ 5 ಜಿಬಿಯೂ ಇಲ್ಲದೆ ಒಂದು ಡಿವಿಡಿಯಲ್ಲಿ ಕೂತಿತ್ತು. ಮೂರು ಊರು, ಬೆಟ್ಟ, ಮರುಭೂಮಿ ಎಲ್ಲ ಸೇರಿ. ಇನ್ನು ಡಬ್ಬದ ಮೇಲಿನ ಲೆಕ್ಕವೇ ಬೇರೆ. 1 ಟಿಬಿ ಎಂದು ಕೊಂಡುತಂದದ್ದನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವನ ಸೇರು ಒಂದು, ಮನೆಯ ಸೇರು ಇನ್ನೊಂದು. ಅದರಲ್ಲಿ ವಿಂಡೋಸ್ ತಾನೂ ಒಂದಷ್ಟು ಜಾಗ ಹಿಡಿದು ಕೂರುತ್ತದೆ. ಎಸ್‌ಎಸ್‌ಡಿಯನ್ನು ಅಂಚಿನವರೆಗೂ ತುಂಬಿದರೆ ಬರೆಯುವ ವೇಗ ಕುಸಿಯುವುದರಿಂದ ಹತ್ತು ಹದಿನೈದು ಪಾಲು ಖಾಲಿ ಬಿಡಬೇಕು. ಕೊನೆಗೆ ಕೈಗೆ ಸಿಗುವುದು 700 ಜಿಬಿ ಚಿಲ್ಲರೆ. ದೊಡ್ಡ ಆಟಗಳು ನಾಲ್ಕೈದು, ಸಣ್ಣವು ಒಂದಿಷ್ಟು. 512 ಜಿಬಿಯದು ತೆಗೆದುಕೊಂಡರೆ ಎರಡು ಆಟಕ್ಕೇ ಉಸಿರು ಕಟ್ಟುತ್ತದೆ. ಗೇಮಿಂಗಿಗೆ ಅದನ್ನು ಕೊಳ್ಳುವುದು ಉಳಿತಾಯವಲ್ಲ, ಖರ್ಚನ್ನು ಮುಂದಿನ ವರ್ಷಕ್ಕೆ ತಳ್ಳುವುದು.

“ತಗಳದೇ ಆದ್ರೆ 2 ಟಿಬಿನೇ ತಗಳನ ಕಣಕ್ಕ” ಅನ್ನುವುದು ತಮ್ಮನ ವಾದ. ಅದರಲ್ಲಿ ಹುರುಳಿತ್ತು. ಎಷ್ಟು ಜಾಗ ಬೇಕು ಅನ್ನುವುದು ಎಷ್ಟು ಆಟ ಇವೆ ಅನ್ನುವುದಕ್ಕಿಂತ ಇಂಟರ್ನೆಟ್ ಎಷ್ಟು ಚುರುಕು ಅನ್ನುವುದರ ಮೇಲೆ ನಿಂತಿದೆ. ನಮ್ಮೂರು ಮದ್ದೂರು. ನಮ್ಮ ಸಂಪರ್ಕ 40 ಎಂಬಿಪಿಎಸ್, ಅಂದರೆ ಎಲ್ಲವೂ ನೆಟ್ಟಗಿದ್ದರೆ ಸೆಕೆಂಡಿಗೆ 5 ಎಂಬಿ. 150 ಜಿಬಿ ಇಳಿಯಲು ಎಂಟು ಗಂಟೆ ದಾಟುತ್ತದೆ. ನಡುವೆ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬೆಂಗಳೂರಿನಲ್ಲಿ ವೇಗದ ಸಂಪರ್ಕ ಇರುವವರು ಆಡಿ ಮುಗಿದದ್ದನ್ನು ಅಳಿಸಿ, ಬೇಕೆಂದಾಗ ಮತ್ತೆ ಇಳಿಸಿಕೊಳ್ಳುತ್ತಾರೆ. ನಮಗೆ ಹಾಗಲ್ಲ, ಅಳಿಸಿದರೆ ಒಂದು ರಾತ್ರಿ ಹೋಯಿತು.

ಎಂಟು ಗಂಟೆ ಅಂದಾಗ ನನಗೆ ಬೇರೆಯೇ ಒಂದು ಲೆಕ್ಕ ನೆನಪಾಗುತ್ತದೆ. ನನ್ನ ಸಂಶೋಧನೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮೇಲೆ. ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮೂರು ವರ್ಷದಲ್ಲಿ ಹನ್ನೊಂದು ರಾತ್ರಿ ದಾಖಲಿಸಿದ್ದೇನೆ. ಊಟ ಮುಗಿಸಿ ತಂಬೂರಿ ಹಿಡಿದು ಕೂತರೆ ಏಳುವುದು ಕೋಳಿ ಕೂಗುವ ಹೊತ್ತಿಗೆ. ಒಂದು ರಾತ್ರಿಯ ಒಳ್ಳೆಯ ಗುಣಮಟ್ಟದ ಧ್ವನಿ ಸುಮಾರು 8 ಜಿಬಿ, ಸಾಧಾರಣ ಕ್ಯಾಮೆರಾದ ವಿಡಿಯೊ 60 ಜಿಬಿ ಆಸುಪಾಸು. ಅಂದರೆ ನನ್ನ ಕುದುರೆಯ ಜಾಗದಲ್ಲಿ ಹದಿನೆಂಟು ರಾತ್ರಿಗಳ ಹಾಡು ಹಿಡಿಸುತ್ತದೆ. ಫೋಟೊ, ಸಂದರ್ಶನ ಎಲ್ಲ ಸೇರಿ ನನ್ನ ಬಳಿ ಇದ್ದದ್ದು 800 ಜಿಬಿ, ಐದು ವರ್ಷ ಹಳೆಯ ಒಂದೇ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ. ಇತ್ತೀಚೆಗೆ ಅದು ಟಕ್ ಟಕ್ ಎಂದು ಸದ್ದು ಮಾಡತೊಡಗಿತ್ತು. ಹನ್ನೊಂದರಲ್ಲಿ ನಾಲ್ಕು ರಾತ್ರಿ ಹಾಡಿದ ಅಜ್ಜ ಕಳೆದ ಆಷಾಢದಲ್ಲಿ ತೀರಿಕೊಂಡರು. ಕೆಂಪಾಚಾರಿಯ ಸಾಲನ್ನು ಅವರ ಹಾಗೆ ನಿಧಾನಕ್ಕೆ, ಒಂದು ಮಾತಿನ ಮೇಲೆ ನಿಂತು ನಿಂತು ಹಾಡುವವರನ್ನು ನಾನು ಬೇರೆ ಕಂಡಿಲ್ಲ.

ಇಲ್ಲೊಂದು ಅಡ್ಡಮಾತು. 2025ರ ಕೊನೆಯಲ್ಲಿ ‘ಹೆಲ್‌ಡೈವರ್ಸ್ 2’ ಎಂಬ ಆಟವನ್ನು ಅದರ ತಯಾರಕರು 150 ಜಿಬಿಯಷ್ಟಿದ್ದದ್ದನ್ನು 23 ಜಿಬಿಗೆ ಇಳಿಸಿದರು. ಚಿತ್ರದ ಗುಣಮಟ್ಟ ತಗ್ಗಿಸಿ ಅಲ್ಲ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ಆ ಓಡಾಟ ತಪ್ಪಿಸಲು ಒಂದೇ ವಸ್ತುವನ್ನು ಹತ್ತು ಕಡೆ ನಕಲು ಮಾಡಿ ಇಟ್ಟಿದ್ದರು, ಆ ನಕಲುಗಳನ್ನು ತೆಗೆದರು, ಅಷ್ಟೆ. ಓದಿದ ಕೂಡಲೇ ನನಗೆ ಅಜ್ಜ ನೆನಪಾದರು. ಅವರ ಹಾಡಿನಲ್ಲೂ ಒಂದೇ ಸಾಲು, ಒಂದೇ ವರ್ಣನೆ ಮತ್ತೆ ಮತ್ತೆ ಬರುತ್ತದೆ. ಅಚ್ಚು ಮಾಡುವವರಿಗೆ ಅದು ಪುನರುಕ್ತಿ. ಹಾಡುವವರಿಗೆ ಮುಂದಿನ ಸಾಲು ಕೈಗೆಟಕುವಷ್ಟು ಹತ್ತಿರ ಬರಲಿ ಎಂದು ಇಟ್ಟ ಮೆಟ್ಟಿಲು. ಪ್ರಬಂಧದಲ್ಲಿ ಇದನ್ನು ಬರೆಯಬೇಕೆಂದಿದ್ದೇನೆ. ಮಾರ್ಗದರ್ಶಕರು ಒಪ್ಪುತ್ತಾರೋ ಇಲ್ಲವೋ.

ತಮ್ಮನ ಪ್ರಕಾರ ಎಲ್ಲಕ್ಕೂ ಒಂದೇ ಪರಿಹಾರ: 2 ಟಿಬಿ ಎಸ್‌ಎಸ್‌ಡಿ, ಅರ್ಧ ಆಟಕ್ಕೆ, ಅರ್ಧ ಅಜ್ಜನಿಗೆ. ನನಗೆ ಅದೇ ಒಗ್ಗದ್ದು. ಆಟದ ಡ್ರೈವ್ ಅಂದರೆ ದಿನಾ ಬರೆದು ಅಳಿಸುವ ಜಾಗ. ನಾಳೆ ವಿಂಡೋಸ್ ಕೆಟ್ಟರೆ ಫಾರ್ಮ್ಯಾಟ್. ಎಸ್‌ಎಸ್‌ಡಿ ಕೈಕೊಟ್ಟರೆ ಸದ್ದೂ ಮಾಡದೆ ಕೊಡುತ್ತದೆ, ಹಾರ್ಡ್ ಡಿಸ್ಕಿನ ಹಾಗೆ ಟಕ್ ಟಕ್ ಎಂದು ಮುನ್ಸೂಚನೆಯನ್ನೂ ನೀಡದೆ ಹೋಗಬಹುದು. ವರ್ಷಗಟ್ಟಲೆ ವಿದ್ಯುತ್ ಕೊಡದೆ ಬೀರುವಿನಲ್ಲಿಟ್ಟರೆ ಅದರೊಳಗಿನ ಮಾಹಿತಿ ಉಳಿದೀತೆಂಬ ಭರವಸೆಯೂ ಇಲ್ಲ. 1 ಟಿಬಿಗೂ 2 ಟಿಬಿಗೂ ಇದ್ದ ಅಂತರದ ದುಡ್ಡಿಗೆ ಅವತ್ತು ಎಸ್.ಪಿ. ರೋಡಿನಲ್ಲಿ 2 ಟಿಬಿಯ ಒಂದು ಸಾಮಾನ್ಯ ಹಾರ್ಡ್ ಡಿಸ್ಕ್ ಬರುತ್ತಿತ್ತು. ಆಟಕ್ಕೆ ಅದು ನಿಧಾನ, ಕೆಲವು ಹೊಸ ಆಟಗಳು ಎಸ್‌ಎಸ್‌ಡಿಯನ್ನೇ ಕೇಳುತ್ತವೆ. ಅಜ್ಜನಿಗೆ ಅವಸರವಿಲ್ಲ.

“ಸತ್ತೋರ ಫೈಲ್ ಕಾಯಕ್ಕೆ ನಾನು ನನ್ ಗೇಮ್ ಅಳಿಸ್ತಾ ಕೂರ್‍ಬೇಕಾ?” ಎಂದ. ಮಾತು ಬಿಟ್ಟದ್ದು ಆಗ. ಒರಟು ಮಾತು, ಆದರೆ ಅನ್ಯಾಯದ ಮಾತಲ್ಲ. ಅವನ ದುಡ್ಡಿನಲ್ಲಿ ನನ್ನ ಸಂಶೋಧನೆ ಯಾಕೆ ಉಳಿಯಬೇಕು? ನನಗೆ ಉತ್ತರ ತೋಚಲಿಲ್ಲ.

ಕೊನೆಗೆ ನಮ್ಮನ್ನು ಒಂದು ದಾರಿಗೆ ತಂದದ್ದು ಮದರ್‌ಬೋರ್ಡು. ನಾವು ಆರಿಸಿದ್ದರಲ್ಲಿ ಎಂ.2 ಎಸ್‌ಎಸ್‌ಡಿಗೆ ಎರಡು ಜಾಗವಿತ್ತು. ಈಗ 1 ಟಿಬಿ ಹಾಕಿ, ಇನ್ನೊಂದನ್ನು ಅವನಿಗೆ ಕೆಲಸ ಸಿಕ್ಕ ಮೇಲೆ ಸೇರಿಸಬಹುದು. ಹಾಗೆ ಸೇರಿಸಬಲ್ಲ ಬೋರ್ಡ್ ಇರುವವರಿಗೆ ನನ್ನ ಸಲಹೆಯೂ ಅದೇ: ಮೊದಲೇ ದೊಡ್ಡದಕ್ಕೆ ಸಾಲ ಮಾಡಬೇಡಿ. ಒಂದೇ ಜಾಗ ಇರುವ ಬೋರ್ಡಾದರೆ, ಇಂಟರ್ನೆಟ್ಟೂ ನಮ್ಮಂತೆ ಕುಂಟುವಂತಿದ್ದರೆ, 2 ಟಿಬಿಗೆ ಹೋಗುವುದೇ ಸರಿ.

ರಾಜಿಯ ದಿನ ತಮ್ಮನಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಕಥೆ ಹೇಳಿದೆ. ಜೋರ್ಡನ್ ಮೆಕ್ನರ್ 1989ರಲ್ಲಿ ಅದನ್ನು ಹೊರತಂದ. ರಾಜಕುಮಾರನ ಓಟ, ನೆಗೆತಕ್ಕೆ ಮಾದರಿ ಅವನ ತಮ್ಮ. ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೊ ತೆಗೆದು ಅದನ್ನೇ ಚಿತ್ರಚಿತ್ರವಾಗಿ ಬಿಡಿಸಿದ್ದ. ಆಟದ ಪ್ರತಿಗಳು ಲೋಕವೆಲ್ಲ ಹರಡಿದವು, ಮೂಲ ಕೋಡ್ ಮಾತ್ರ ಅವನಿಗೇ ಸಿಗದೆ ಕಳೆದುಹೋಗಿತ್ತು. 2012ರಲ್ಲಿ ಅವನ ಅಪ್ಪನಿಗೆ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಫ್ಲಾಪಿಗಳು ಸಿಕ್ಕವು. ಬಲ್ಲವರು ಕೂತು ಅದನ್ನು ಓದಿ ಹೊರತೆಗೆದರು. ತಮ್ಮ ಕೇಳಿಸಿಕೊಂಡು, “ಅವ್ನ್ ತಮ್ಮನಿಗೆ ದುಡ್ ಕೊಟ್ಟಿದ್ನಂತಾ?” ಎಂದ.

ಈಗ ಹೊಸ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಹಳೆಯ ಟಕ್ ಟಕ್ ಡಿಸ್ಕಿನಲ್ಲಿ ಇನ್ನೊಂದು. ಧ್ವನಿಯ ಮೂರನೇ ಪ್ರತಿ ಮೈಸೂರಿನ ಅತ್ತೆಯ ಮನೆಯಲ್ಲಿ, ರೇಷ್ಮೆ ಸೀರೆಗಳ ನಡುವೆ. ಒಂದೇ ಸೂರಿನಡಿ ಎಲ್ಲ ಪ್ರತಿ ಇಡಬಾರದು ಎಂದು ಬಲ್ಲವರು ಹೇಳುತ್ತಾರೆ.

ಮೊನ್ನೆ ಅಜ್ಜನ ಮೊಮ್ಮಗ ಮನೆಗೆ ಬಂದಿದ್ದ. ಪಿಯುಸಿ ಹುಡುಗ, ಕೈಯಲ್ಲಿ 16 ಜಿಬಿಯ ಪೆನ್‌ಡ್ರೈವ್. ವಿಡಿಯೊ ಅದರಲ್ಲಿ ಹಿಡಿಸುವುದಿಲ್ಲ ಎಂದಾಗ ಮುಖ ಸಣ್ಣದಾಯಿತು. ಒಂದು ರಾತ್ರಿಯ ಧ್ವನಿ ಪೂರ್ತಿ ಹಾಕಿಕೊಟ್ಟೆ. ಮೊದಲ ಎರಡು ನಿಮಿಷ ಕೇಳಿದ. ಶುರುವಾಗುವ ಮೊದಲು ಅಜ್ಜ ಕೆಮ್ಮಿ, ನೀರು ಕೇಳುವುದು ಅದರಲ್ಲಿದೆ. ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಎಳೆದು, ಕೆಮ್ಮನ್ನು ಇನ್ನೊಮ್ಮೆ ಕೇಳಿದ. ಪೆನ್‌ಡ್ರೈವಿನಲ್ಲಿ ಇನ್ನೂ 6 ಜಿಬಿ ಚಿಲ್ಲರೆ ಜಾಗ ಉಳಿದಿತ್ತು. ಇನ್ನೇನು ಹಾಕಲಿ, ಸಂದರ್ಶನ ಇದೆ, ಫೋಟೊ ಇದೆ ಎಂದೆ. ಹುಡುಗ ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ:

“ಅಣ್ಣ, ಸ್ಯಾನ್ ಆಂಡ್ರಿಯಾಸ್ ಐತಾ?”