ಕಿಟಕಿಯಾಚೆ ಇದ್ದ ಬಂಕರ್ ಹಿಲ್

1949ರ ‘ಕ್ರಿಸ್ ಕ್ರಾಸ್’ ಚಿತ್ರ ನೋಡಲು ಕೂತಾಗಲೆಲ್ಲ ಒಂದು ದೃಶ್ಯದಲ್ಲಿ ನನಗೆ ಕಥೆ ಮರೆತೇಹೋಗುತ್ತದೆ. ಬಾಡಿಗೆ ಕೋಣೆಯೊಂದರಲ್ಲಿ ಬರ್ಟ್ ಲ್ಯಾಂಕಾಸ್ಟರ್, ಡ್ಯಾನ್ ಡುರಿಯೇ ಮತ್ತವರ ತಂಡ ಹಣ ಸಾಗಿಸುವ ಗಾಡಿಯನ್ನು ದೋಚಲು ಸಂಚು ಹೂಡುತ್ತಿದ್ದಾರೆ. ಕಿಟಕಿಯಾಚೆ ಪುಟ್ಟ ರೈಲುಡಬ್ಬಿಯೊಂದು ಗುಡ್ಡ ಹತ್ತುತ್ತಿದೆ, ಇನ್ನೊಂದು ಇಳಿಯುತ್ತಿದೆ. ಒಳಗಿನ ಸಂಚಿನ ಗೊಡವೆ ಅವಕ್ಕಿಲ್ಲ.

ಆ ಪುಟ್ಟ ರೈಲೇ ಲಾಸ್ ಏಂಜಲೀಸಿನ ಏಂಜಲ್ಸ್ ಫ್ಲೈಟ್. 1901ರಲ್ಲಿ ಶುರುವಾದಾಗ ಒಂದು ಸೆಂಟ್ ಕೊಟ್ಟರೆ ಕೆಳಗಿನ ಹಿಲ್ ಸ್ಟ್ರೀಟಿನಿಂದ ಬಂಕರ್ ಹಿಲ್ ಗುಡ್ಡದ ನೆತ್ತಿಗೆ ಮುಟ್ಟಿಸುತ್ತಿತ್ತು. ಅಲ್ಲಿ ಸಿರಿವಂತರು 19ನೇ ಶತಮಾನದ ಕೊನೆಗೆ ಕಟ್ಟಿಸಿದ್ದ ಮರದ ಬಂಗಲೆಗಳಿದ್ದವು. ಅವರು ಬಿಟ್ಟುಹೋದ ಮೇಲೆ ಬಂಗಲೆಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ಹೋದವು. ಪಿಂಚಣಿ ನೆಚ್ಚಿದ ಮುದುಕರಿಗೆ, ಕೂಲಿಕಾರರಿಗೆ ಸೂರಾದವು. ಕಡಿದಾದ ಮೆಟ್ಟಿಲು, ಇಕ್ಕಟ್ಟಿನ ಓಣಿ, ಬಣ್ಣ ಮಾಸಿದ ಗೋಡೆ: ನ್ವಾರ್ ಎಂಬ ಕರಾಳ ಕ್ರೈಂ ಚಿತ್ರಗಳಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ‘ಕ್ರಿಸ್ ಕ್ರಾಸ್’ಗಾಗಿ ನಿರ್ದೇಶಕ ರಾಬರ್ಟ್ ಸಿಯೋಡ್‌ಮಾಕ್ ಬಂದರು, 1955ರ ‘ಕಿಸ್ ಮಿ ಡೆಡ್ಲಿ’ಗಾಗಿ ರಾಬರ್ಟ್ ಆಲ್ಡ್ರಿಚ್ ಬಂದರು. ತೆರೆಯ ಮೇಲೆ ಅದು ಪಾತಕಿಗಳ ತಾಣ. ಆದರೂ ‘ಕ್ರಿಸ್ ಕ್ರಾಸ್’ನ ನಾಯಕ ಊರೂರು ಅಲೆದು ಮರಳುವುದು ಆ ಗುಡ್ಡದ ಮೇಲಿನ ಅಮ್ಮನ ಮನೆಗೇ.

ನಗರಾಡಳಿತದ ಕಣ್ಣಿಗೆ ಬಿದ್ದದ್ದು ಮಾತ್ರ ಕೊಳಚೆ. 1959ರಲ್ಲಿ ಪುನರಭಿವೃದ್ಧಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸಾವಿರಾರು ಜನರನ್ನು ಒಕ್ಕಲೆಬ್ಬಿಸಿದರು, ಬಂಗಲೆಗಳನ್ನು ಕೆಡವಿದರು, ಗುಡ್ಡದ ನೆತ್ತಿಯನ್ನೇ ಕೊರೆದು ತಗ್ಗಿಸಿದರು. ಕೊನೆಗುಳಿದ ಎರಡು ಮನೆಗಳನ್ನು ಕಾಪಾಡಲೆಂದು 1969ರಲ್ಲಿ ಹೆರಿಟೇಜ್ ಸ್ಕ್ವೇರಿಗೆ ಸಾಗಿಸಿದರು. ಅದೇ ವರ್ಷ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವೂ ಬೂದಿಯಾದವು. ಏಂಜಲ್ಸ್ ಫ್ಲೈಟನ್ನು ಬಿಚ್ಚಿಟ್ಟದ್ದೂ ಆಗಲೇ.

1996ರಲ್ಲಿ ತುಸು ದಕ್ಷಿಣಕ್ಕೆ ಹೊಸದಾಗಿ ಹಳಿ ಹಾಕಿ ಹಳೆಯ ಡಬ್ಬಿಗಳನ್ನೇ ಮತ್ತೆ ಓಡಿಸಿದರು. ಹತ್ತಿ ಇಳಿದರೆ ಎದುರಾಗುವುದು ಮುಗಿಲೆತ್ತರದ ಕಚೇರಿ ಕಟ್ಟಡಗಳು. ದಿನಸಿ ಕೊಂಡು ಮೇಲಿನ ಕೋಣೆಗೆ ಮರಳುತ್ತಿದ್ದ ಮುದುಕರು ಈಗ ಸಿಗುವುದು ಆ ಕಪ್ಪುಬಿಳುಪು ಕ್ರೈಂ ಸಿನಿಮಾಗಳ ಅಂಚಿನಲ್ಲಷ್ಟೇ, ಅದೂ ನಾಯಕನ ಹಿಂದೆ ಅರೆಗಳಿಗೆ ಹಾದುಹೋಗುವಾಗ.

ಡಬ್ಬಿಗಳನ್ನು ಉಳಿಸಿಕೊಟ್ಟವರಿಗೆ ನನ್ನ ನಮಸ್ಕಾರ. ಆದರೆ ಅವು ಯಾರನ್ನು ಹೊತ್ತು ಏರುತ್ತಿದ್ದವೋ ಅವರ ಮನೆಗಳನ್ನು ಮೊದಲು ಉಳಿಸಬೇಕಿತ್ತು. ಗೋಡೆಯ ಬಣ್ಣ ಮಾಸಿದೆಯೆಂದು ಬಡವರ ಕೇರಿಯನ್ನೇ ಅಳಿಸಿಹಾಕುವ ಊರು, ಆಮೇಲೆ ಎಷ್ಟು ಹಳಿ ಹಾಕಿದರೂ ಆ ನಷ್ಟವನ್ನು ತುಂಬಲಾರದು.